ಅಳತೆಯ ಬಳೆ

ನಾನು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಪಳಿ ಎಳೆಸಿದವನು. ಟಿ. ನರಸೀಪುರ ತಾಲ್ಲೂಕಿನಲ್ಲಿ ನಾನು ಅಳೆಯದ ಹೊಲ ಕಡಮೆ. ಅಳೆದ ಮೇಲೆ ಜಗಳ ನಿಂತ ಹೊಲ ಇನ್ನೂ ಕಡಮೆ. ತಲಕಾಡಿನ ಕಡೆ ಮರಳು ಬಂದು ಗಡಿಕಲ್ಲುಗಳನ್ನು ನುಂಗಿದಾಗಲೂ, ಸೋಮನಾಥಪುರದ ಹತ್ತಿರ ಅಣ್ಣತಮ್ಮಂದಿರಿಬ್ಬರು ಒಂದು ಮೊಳ ಬದುವಿಗಾಗಿ ನನ್ನ ಎದುರಿಗೇ ಮಚ್ಚು ತೆಗೆದಾಗಲೂ ನನ್ನ ಅಳತೆ ತಪ್ಪಲಿಲ್ಲವೆಂದು ಇಲಾಖೆಯ ಕಡತಗಳು ಸಾಕ್ಷಿ ಹೇಳುತ್ತವೆ. ಈಗ ಬರೆಯಹೊರಟಿರುವುದು ಯಾವ ಕಡತಕ್ಕೂ ಸೇರದ ಒಂದು ಅಳತೆಯ ವಿಷಯ. ಅದು ತಪ್ಪಿತು.

ನನ್ನ ಅಕ್ಕನನ್ನು ನಂಜನಗೂಡಿನ ದೇವಸ್ಥಾನದ ಬೀದಿಗೆ ಕೊಟ್ಟಿದ್ದರು. ಭಾವ ಪಾಠಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಮನೆಯಲ್ಲಿ ಅವರು, ಅಕ್ಕ ಮತ್ತು ಅಕ್ಕನ ಅತ್ತೆ, ಮೂವರೇ. ಮಕ್ಕಳಾಗಲಿಲ್ಲ. ಎಂಬತ್ತರ ದಶಕದ ನಡುವೆ ಅಕ್ಕನಿಗೆ ಮುಖ ಊದಿಕೊಳ್ಳಲು ಶುರುವಾಯಿತು. ಅನ್ನ ಕಂಡರೆ ವಾಂತಿ. ಮೈಸೂರಿಗೆ ಕರೆದುಕೊಂಡು ಹೋದೆವು. ರಕ್ತದೊತ್ತಡ ಹಲವು ವರ್ಷ ಯಾರಿಗೂ ಹೇಳದೆ ಕೇಳದೆ ಒಳಗೇ ಕೆಲಸ ಮಾಡಿ ಎರಡು ಮೂತ್ರಪಿಂಡಗಳನ್ನೂ ಮುಗಿಸಿಬಿಟ್ಟಿದೆ ಎಂದರು. ಇನ್ನು ವಾರಕ್ಕೆರಡು ಸಲ ಯಂತ್ರದಲ್ಲಿ ರಕ್ತ ತೊಳೆಸಬೇಕು. ನನ್ನದೊಂದು ಮೂತ್ರಪಿಂಡವನ್ನು ಕೊಡುತ್ತೇನೆಂದು ಮುಂದಾದೆ. ರಕ್ತದ ಗುಂಪೇ ಬೇರೆಯೆಂದು ನನ್ನನ್ನು ಗೌರವದಿಂದ ವಾಪಸು ಕಳಿಸಿದರು.

ರೋಗ ಕಳೆಯುವ ದೇವರ ಊರಿನಲ್ಲೇ ವಾಸವಾಗಿದ್ದು ಇಂಥ ರೋಗ ತಂದುಕೊಳ್ಳುವುದು ಒಂದು ಬಗೆಯ ಅವಿನಯವೆಂದು ಅಕ್ಕನ ಅತ್ತೆ ಭಾವಿಸಿದ್ದರು. ಬಾಯಿ ಬಿಟ್ಟು ಹೇಳಲಿಲ್ಲ. ದಿನಾ ಬೆಳಿಗ್ಗೆ ತೀರ್ಥ ತಂದು ಕೊಡುತ್ತಿದ್ದರು. ಅಕ್ಕನಿಗೆ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ಅಪ್ಪಣೆಯಾಗಿದ್ದುದರಿಂದ ಆ ಒಂದು ಉದ್ಧರಣೆ ತೀರ್ಥವನ್ನೂ ಅವಳು ಲೆಕ್ಕಕ್ಕೆ ಹಿಡಿಯುತ್ತಿದ್ದಳು.

ಆಸ್ಪತ್ರೆಯ ಸರ್ಜನ್ನರು ಮಾತು ಕಡಮೆಯ ಮನುಷ್ಯ. ಮೊದಲ ದಿನವೇ ನನ್ನನ್ನೂ ಭಾವನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: "ನೋಡಿ, ರಕ್ತ ತೊಳೆಯೋದು ಮೆಷೀನಿನ ಕೆಲಸ, ಅದು ಮಾಡುತ್ತೆ. ರಕ್ತಾನ ಅಲ್ಲಿಗೆ ಕರ್ಕೊಂಡ್ಹೋಗಿ ವಾಪಸ್ ತರೋ ದಾರಿ ಇದ್ಯಲ್ಲ, ಅದೇ ಕಷ್ಟ. ಇವರ ಮೈಯಲ್ಲಿ ದಾರಿ ಕಡಮೆ ಇದೆ."

ನನಗೆ ಕೂಡಲೇ ಅರ್ಥವಾಯಿತು. ಸುತ್ತ ನಾಲ್ಕು ಜನರ ಹಿಡುವಳಿ, ನಡುವೆ ಒಬ್ಬನ ಹೊಲ, ಗಾಡಿ ಹೋಗಲು ಜಾಗವಿಲ್ಲ. ಇಂಥ ಅರ್ಜಿಗಳನ್ನು ನಾನು ನೂರಾರು ನೋಡಿದ್ದೇನೆ. ಹೊಲ ಫಲವತ್ತಾಗಿಯೇ ಇರುತ್ತದೆ. ಅದರಿಂದ ಪ್ರಯೋಜನವಿಲ್ಲ.

ಅಕ್ಕನ ಮೈಯ ಮೋಜಣಿ ಹೀಗೆ ನಡೆಯಿತು. ಬಲಗೈಗೆ, ಅವಳು ಹತ್ತು ವರ್ಷದವಳಿದ್ದಾಗ, ಒಂದು ಮದುವೆಮನೆಯಲ್ಲಿ ಕುದಿಯುವ ಸಾರು ಬಿದ್ದಿತ್ತು. ಮುಂಗೈಯ ಮೇಲಿನ ಅರ್ಧ ಸುಕ್ಕುಗಟ್ಟಿ ಹೋಗಿತ್ತು. ಅದು ಖರಾಬು, ಸಾಗುವಳಿಗೆ ಬಾರದ ನೆಲ. ಎಡಗೈಯ ಮೊಣಕೈ ಮಡಿಕೆಯಲ್ಲಿ ಪೆನ್ಸಿಲಿನಷ್ಟು ದಪ್ಪ, ಮೆತ್ತಗೆ ಇರಬೇಕಾದ ರಕ್ತನಾಳ ಕೈಗೆ ಹುರಿಯಂತೆ ಗಟ್ಟಿಯಾಗಿ ಸಿಕ್ಕಿತು. "ಇಲ್ಲಿ ತುಂಬಾ ಇಂಜೆಕ್ಷನ್ ಆಗಿದ್ಯಲ್ಲಾ, ಯಾತಕ್ಕೆ?" ಎಂದು ಸರ್ಜನ್ನರು ಕೇಳಿದರು. ಅಕ್ಕ ಭಾವನ ಮುಖ ನೋಡಿದಳು. ಭಾವ ಸೂರು ನೋಡಿದರು. ಎಪ್ಪತ್ತರ ದಶಕದಲ್ಲಿ ಮಕ್ಕಳಾಗಲಿಲ್ಲವೆಂದು, ಮೈಯಲ್ಲಿ ಶಕ್ತಿ ಸಾಲದೆಂದು, ಊರಿನ ಕಾಂಪೌಂಡರೊಬ್ಬರ ಕೈಯಲ್ಲಿ ವರ್ಷಗಟ್ಟಲೆ ಸುಣ್ಣದ, ಅಂದರೆ ಕ್ಯಾಲ್ಸಿಯಂ, ಇಂಜೆಕ್ಷನ್ ಹಾಕಿಸಿದ್ದರು. ಅದು ಹೋದ ಕೂಡಲೇ ಮೈಯೆಲ್ಲ ಬಿಸಿಯಾಗುತ್ತಿತ್ತು. ಬಿಸಿಯಾದರೆ ಗುಣವಾಗುತ್ತಿದೆ ಎಂದು ನಮ್ಮ ಕಡೆಯ ನಂಬಿಕೆ. ಬಿಸಿ ಬಂತು, ಮಗು ಬರಲಿಲ್ಲ, ನಾಳ ಹೋಯಿತು.

ಮೊದಲು ಕಾಲಿಗೆ ಕೈ ಹಾಕಿದರು. ಪಾದದ ಗಂಟಿನ ಹತ್ತಿರ ಒಂದು ಶುದ್ಧ ರಕ್ತದ ನಾಳಕ್ಕೂ ಒಂದು ಅಶುದ್ಧ ರಕ್ತದ ನಾಳಕ್ಕೂ ಎರಡು ನಳಿಕೆ ಸೇರಿಸಿ, ಹೊರಗೆ ಬಿಲ್ಲಿನಂತೆ ಬಗ್ಗಿಸಿ ಕೂಡಿಸಿದರು. ಯಂತ್ರ ಬೇಕಾದಾಗ ಆ ಬಿಲ್ಲನ್ನು ಬಿಚ್ಚುವುದು, ಬೇಡವಾದಾಗ ಕೂಡಿಸುವುದು. ಬಿಚ್ಚಿಕೊಂಡುಬಿಟ್ಟರೆ ಹಿಡಿಯಲು ಎರಡು ಕ್ಲಿಪ್ಪನ್ನು ಬ್ಯಾಂಡೇಜಿಗೇ ಸಿಕ್ಕಿಸಿದ್ದರು. ನಳಿಕೆಯೊಳಗೆ ರಕ್ತ ಓಡುವುದು ಕಣ್ಣಿಗೆ ಕಾಣುತ್ತಿತ್ತು. ಇಂಥ ಕಾಲಿಟ್ಟುಕೊಂಡು ಅಡಿಗೆಮನೆಗೆ ಬರಬಹುದೇ, ಮಡಿಗೆ ನಡೆಯುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಭಾವ ಎರಡು ದಿನ ಗ್ರಂಥಗಳನ್ನು ಹುಡುಕಿದರು. ಪೂರ್ವಿಕರಾರೂ ಇದನ್ನು ಮುಂಗಂಡಿರಲಿಲ್ಲ. ತೀರ್ಮಾನವಾಗುವಷ್ಟರಲ್ಲಿ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಶ್ನೆಯೇ ಬಿದ್ದುಹೋಯಿತು. ಇನ್ನೊಂದು ಕಾಲಿಗೆ ಇಟ್ಟದ್ದು ಕೀವಾಯಿತು.

ಉಳಿದದ್ದು ಎಡಗೈಯ ಮಣಿಕಟ್ಟು. ಹೆಬ್ಬೆರಳಿನ ಕಡೆ, ಗಂಟಿಗಿಂತ ಎರಡು ಬೆರಳು ಮೇಲೆ, ಕಾಂಪೌಂಡರ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡಿದ್ದ ಒಂದು ಎಳೆಯಂಥ ನಾಳ ಸಿಕ್ಕಿತು. ಅದನ್ನು ಪಕ್ಕದ ಶುದ್ಧ ರಕ್ತದ ನಾಳಕ್ಕೆ ಒಳಗೇ ಜೋಡಿಸಿ ಹೊಲಿದರು. ದೊಡ್ಡ ಕಾಲುವೆಗೆ ತೂಬು ಕೊಟ್ಟು ಸಣ್ಣ ಕಾಲುವೆಗೆ ನೀರು ಬಿಟ್ಟ ಹಾಗೆ: ರಭಸಕ್ಕೆ ಸಣ್ಣದು ಹಿಗ್ಗಿ, ಆರೆಂಟು ವಾರದಲ್ಲಿ ದಪ್ಪ ಸೂಜಿ ಹಿಡಿಯುವಷ್ಟಾಗಬೇಕು. ಅಲ್ಲಿಯವರೆಗೆ ಪ್ರತಿ ಸಲವೂ ತೊಡೆಯ ಸಂದಿಗೆ ಸೂಜಿ.

"ಇದು ಹೋದ್ರೆ ನನ್ನ ಹತ್ರ ಇನ್ನೊಂದು ಕೈ ಇಲ್ಲ" ಎಂದರು ಸರ್ಜನ್ನರು. "ಆ ಕೈಗೆ ಸೂಜಿ ಬೇಡ, ಬಿ.ಪಿ. ಪಟ್ಟಿ ಬೇಡ, ವಾಚು, ಬಳೆ, ದಾರ, ಏನೂ ಕಟ್ಟಬೇಡಿ. ಭಾರ ಎತ್ತಿಸಬೇಡಿ. ಆ ಕೈ ಮೇಲೆ ಮಲಗಿಸಬೇಡಿ."

ಇದನ್ನು ನಾನು ನಕ್ಷೆ ಬರೆಯುವ ಕಪ್ಪು ಶಾಯಿಯಲ್ಲಿ, ಇಲಾಖೆ ಮೆಚ್ಚಿದ ದುಂಡಗಿನ ಅಕ್ಷರದಲ್ಲಿ, ದಪ್ಪ ಕಾಗದದ ಮೇಲೆ ಬರೆದು ಅಕ್ಕನ ಮನೆಯ ನಡುಮನೆ ಗೋಡೆಗೆ ಅಂಟಿಸಿದೆ. 'ಎಡಗೈ' ಎಂದು ತಲೆಬರಹ. ಕೆಳಗೆ ಏಳು ನಿಷೇಧಗಳು. ಬಂದವರೆಲ್ಲ ಓದಿ ಅಕ್ಷರ ಹೊಗಳಿ ಹೋದರು.

ಏಳರಲ್ಲಿ ಆರಕ್ಕೆ ಅತ್ತೆಯ ತಕರಾರಿರಲಿಲ್ಲ. "ಬಳೆ ಇಲ್ಲ ಅಂದ್ರೆ ಹೇಗಪ್ಪಾ? ಗಂಡ ಗಟ್ಟಿಮುಟ್ಟಾಗಿ ಎದುರಿಗೆ ಕೂತಿರೋವಾಗ ಬೋಳು ಕೈಲಿ ಓಡಾಡ್ತಾರೇನೋ?" ಎಂದರು.

"ನಾನು ಗಟ್ಟಿಮುಟ್ಟಾಗಿರೋದು ಅವಳ ಎಡಗೈಯಿಂದ ಅಂತ ನಂಗೆ ಗೊತ್ತೇ ಇರ್ಲಿಲ್ಲಮ್ಮ" ಎಂದರು ಭಾವ. "ಬಲಗೈಲಿ ಒಂದು ಡಜನ್ ಇದ್ಯಲ್ಲ, ಅಷ್ಟರಲ್ಲಿ ಹೇಗೋ ಬದುಕಿಕೊಳ್ತೀನಿ ಬಿಡು."

"ನಿನ್ನ ತಮಾಷೆ ಪಾಠಶಾಲೇಲಿಟ್ಟುಕೋ."

ಕೊನೆಗೆ ಅಕ್ಕನೇ ರಾಜಿ ಮಾಡಿಸಿದಳು. ದಿನಾ ಸ್ನಾನವಾದ ಮೇಲೆ ಅರಿಶಿನ ಕಲಸಿ ಎಡಗೈ ಮಣಿಕಟ್ಟಿನ ಸುತ್ತ ಒಂದು ಗೆರೆ ಎಳೆದುಕೊಳ್ಳುತ್ತಿದ್ದಳು. ಬಳೆಯ ಬದಲು ಬಳೆಯ ನಕ್ಷೆ. ನನಗೆ ಅದು ಬಹಳ ಒಪ್ಪಿಗೆಯಾಯಿತು.

ಎರಡು ತಿಂಗಳು ಅವಳು ಒದ್ದೆ ಬಟ್ಟೆಯ ಉಂಡೆಯನ್ನು ಎಡಗೈಯಲ್ಲಿ ಹಿಂಡುತ್ತಾ, ಮಗ್ಗಿ ಹೇಳುತ್ತಾ ಕೂತಳು. ನಾಳ ಹಿಗ್ಗಿತು. ಅದರೊಳಗೊಂದು ಸದ್ದು ಹುಟ್ಟಿತು. ಬೆರಳಿಟ್ಟರೆ ನಡುಗುವುದು ತಿಳಿಯುತ್ತಿತ್ತು. ಕಿವಿಯಿಟ್ಟರೆ ಗುಂಯ್ ಎಂದು ಎಡೆಬಿಡದೆ ಕೇಳುತ್ತಿತ್ತು. ಅದು ಕೇಳುತ್ತಿರುವವರೆಗೂ ದಾರಿ ತೆರೆದಿದೆ ಎಂದು ಅರ್ಥ, ದಿನಾ ಬೆಳಿಗ್ಗೆ ಎದ್ದ ಕೂಡಲೇ ಕೇಳಿ ನೋಡಬೇಕು ಎಂದಿದ್ದರು. ಅಕ್ಕ ಹಾಸಿಗೆಯಲ್ಲೇ ಕೈಯನ್ನು ಕಿವಿಗೆ ಆನಿಸಿಕೊಳ್ಳುತ್ತಿದ್ದಳು. ಆಮೇಲೆ ಭಾವ ಬಗ್ಗಿ ಕೇಳುತ್ತಿದ್ದರು. ನಾನು ಹೋದಾಗಲೆಲ್ಲ ನನಗೂ ಒಂದು ಸರದಿ.

"ಏನು ಕೇಳುತ್ತೋ?" ಎಂದು ಕೇಳುತ್ತಿದ್ದಳು.

"ನಮ್ಮೂರ ಹಿಟ್ಟಿನ ಗಿರಣಿ."

"ಹಿಟ್ಟು ಬರ್ತಾ ಇದ್ಯಾ?"

ಹಿಟ್ಟು ಬರುತ್ತಿತ್ತು. ಮಣಿಕಟ್ಟಿನ ದಾರಿಯಲ್ಲಿ ಮೂರು ತಿಂಗಳು ಯಂತ್ರ ಓಡಿತು. ಮಂಗಳವಾರ, ಶುಕ್ರವಾರ ಬೆಳಗಿನ ರೈಲಿಗೆ ಭಾವನ ಜೊತೆ ಮೈಸೂರಿಗೆ ಹೋಗಿ ಸಂಜೆ ಬರುತ್ತಿದ್ದಳು. ಮುಖದ ಊತ ಇಳಿಯಿತು. ಒಂದು ಸಲ ನನಗೆ ತಾನೇ ಉಪ್ಪಿಟ್ಟು ಮಾಡಿ ಹಾಕಿ, ತಾನು ಎರಡು ಚಮಚ ತಿಂದಳು. ಇಷ್ಟು ಸುಖಕ್ಕೆ ನಾವು ತಯಾರಿರಲಿಲ್ಲ. ಅಷ್ಟರಲ್ಲಿ ಭಾದ್ರಪದ ಬಂತು.

ನಮ್ಮ ಕಡೆ ಗೌರಿಹಬ್ಬಕ್ಕೆ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಹೋಗಬೇಕು. ಮೊರ, ಅರಿಶಿನ, ಕುಂಕುಮ, ರವಿಕೆ ಕಣ, ಬಳೆ. ಅಮ್ಮ ಸಾಯುವ ಮುಂಚೆ ತನ್ನ ಟ್ರಂಕಿನಿಂದ ಒಂದು ಹಸಿರು ಗಾಜಿನ ಬಳೆ ತೆಗೆದು ನನ್ನ ಕೈಗಿಟ್ಟಿದ್ದಳು. "ಇದು ಅವಳ ಕೈ ಅಳತೆ. ಇದನ್ನ ತಗೊಂಡ್ಹೋಗಿ ತೋರಿಸಿದ್ರೆ ಅಂಗಡಿಯವನು ಕೊಡ್ತಾನೆ. ಮರೀಬೇಡ" ಎಂದಿದ್ದಳು. ಹನ್ನೆರಡು ವರ್ಷ ನಾನು ಮರೆಯಲಿಲ್ಲ. ಆ ವರ್ಷವೂ ಅಳತೆಯ ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನರಸೀಪುರದ ಬಳೆ ಅಂಗಡಿಗೆ ಹೋದೆ. ಎಡಗೈಗೆ ಬಳೆಯಿಲ್ಲವೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇ? ಗೋಡೆಗೆ ಬರೆದು ಅಂಟಿಸಿದವನೇ ನಾನು. ಆದರೂ ಒಂದು ಕೈಗೆ ಮಾತ್ರ ಬಳೆ ಕೊಡು ಎಂಬ ಮಾತು ಬಾಯಿಗೆ ಬರಲಿಲ್ಲ. ಎರಡು ಡಜನ್ ಎಂದೆ.

ಅಂಗಡಿಯವನು ಹಳೆಯ ಪರಿಚಯ. "ಅಕ್ಕೋರು ಎಂಗವ್ರೆ ಸಾ? ಕಾಯ್ಲೆ ಅಂತಿದ್ರಲ್ಲ" ಎಂದ.

"ಈಗ ಪರವಾಗಿಲ್ಲ."

"ಕೈ ಊದೈತೋ ಸೊರಗೈತೋ ಒಂದ್ಸಾರಿ ನೋಡ್ಕಂಡು ಬಂದಿದ್ರೆ ಸಂದಾಗಿರೋದು ಸಾ. ಬಳೆ ವಿಸ್ಯ ಕಣ್ರೀ, ಒಂದು ಸುತ್ತು ಎಚ್ಚುಕಮ್ಮಿ ಆದ್ರೂ ಕಷ್ಟ."

"ನಂಗೆ ಅಳತೆ ಹೇಳ್ಕೊಡ್ತೀಯೇನಯ್ಯಾ?" ಎಂದೆ. ಅವನು ನಕ್ಕು, ಅಳತೆಯ ಬಳೆಗೆ ಹೋಲಿಸಿ ಎರಡು ಡಜನ್ ಕಟ್ಟಿಕೊಟ್ಟ.

ಹಬ್ಬದ ಬೆಳಿಗ್ಗೆ ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬಳೆಯ ಕಟ್ಟು ಬಿಚ್ಚಿ ನೋಡಿ, ಬಲಗೈಗೆ ಹಳೆಯದರ ಜೊತೆಗೆ ತೊಟ್ಟುಕೊಂಡಳು. ಆ ಕೈ ಒಣಗಿದ ಕೈ, ಸಲೀಸಾಗಿ ಹೋದವು. ಉಳಿದ ಡಜನ್ನು ಕಾಗದದ ಮೇಲೆ ಹಾಗೇ ಇತ್ತು.

"ಪೂಜೆ ಆಗೋ ತನಕ ಎಡಗೈಗೂ ಹಾಕ್ಕೊಳ್ಳೇನೋ? ಅರ್ಧ ಡಜನ್ ಅಷ್ಟೇ. ಆಮೇಲೆ ತೆಗೆದಿಡ್ತೀನಿ" ಎಂದಳು.

ಅವಳು ಕೇಳಿದ್ದು ನನ್ನನ್ನು. ಗೋಡೆಯ ಮೇಲೆ ನನ್ನ ದುಂಡಗಿನ ಅಕ್ಷರಗಳಿದ್ದವು. ಭಾವ ದೇವಸ್ಥಾನಕ್ಕೆ ಹೋಗಿದ್ದರು. ನಾನು, "ಅರ್ಧ ಗಂಟೆ ತಾನೇ" ಎಂದೆ.

ಅತ್ತೆ ಉತ್ಸಾಹದಿಂದ ಸೋಪು ತಂದರು. ಎಡಗೈ ನೋಡುವುದಕ್ಕೆ ಮೊದಲಿನಂತೆಯೇ ಇತ್ತು, ಆದರೆ ಇರಲಿಲ್ಲ. ಜೋಡಿಸಿದ ದಿನದಿಂದ ಅದು ಕೊಂಚ ತುಂಬಿಕೊಂಡಿತ್ತು. ಅತ್ತೆ ನುರಿತ ಕೈ. ಹೆಬ್ಬೆರಳ ಬುಡ ಹಿಸುಕಿ, ಗೆಣ್ಣು ಒತ್ತಿ, ಒಂದೊಂದಾಗಿ ಆರನ್ನೂ ಏರಿಸಿದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮೇಲಿನದು ಹೊಲಿಗೆಯ ಗುರುತಿನ ಮೇಲೆ ಕೂತಿತು. ಅರಿಶಿನದ ಗೆರೆ ಸೋಪಿನಲ್ಲಿ ತೊಳೆದುಹೋಯಿತು. ಎರಡು ಕೈ ತುಂಬ ಬಳೆ ತೊಟ್ಟು ಅವಳು ಗೌರಿಯ ಮುಂದೆ ಕೂತಾಗ, ನಿಜ ಹೇಳಬೇಕೆಂದರೆ, ನನಗೆ ಸಂತೋಷವಾಯಿತು.

ಗಾಜಿನ ಬಳೆ ಏರಿದಷ್ಟು ಸುಲಭವಾಗಿ ಇಳಿಯುವುದಿಲ್ಲವೆಂಬುದನ್ನು ಎಲ್ಲ ಹೆಂಗಸರೂ ಬಲ್ಲರು, ನಾನೂ ಬಲ್ಲವನೇ. ಪೂಜೆ ಮುಗಿಯಿತು, ಊಟವಾಯಿತು, ಬಾಗಿನಕ್ಕೆ ಬಂದ ಮುತ್ತೈದೆಯರು ಹೋದರು. ಹಿಸುಕಿಸಿಕೊಂಡ ಕೈ ಮಧ್ಯಾಹ್ನದ ಹೊತ್ತಿಗೆ ಬಾತುಕೊಂಡಿತ್ತು. ಸೋಪು ಹಾಕಿದರು, ಎಣ್ಣೆ ಹಾಕಿದರು. ಗೆಣ್ಣಿನ ಹತ್ತಿರ ಬಂದು ನಿಂತವು.

ಭಾವ ದೇವಸ್ಥಾನದಿಂದ ಬಂದವರೇ ಕೈ ನೋಡಿ, ಗೋಡೆ ನೋಡಿ, ನನ್ನನ್ನು ನೋಡಿದರು. "ಒಡೆದುಬಿಡೋಣ" ಎಂದರು.

ಅತ್ತೆ ಎರಡು ಕಿವಿಯನ್ನೂ ಮುಚ್ಚಿಕೊಂಡರು. "ಗೌರಿ ಮನೇಲಿ ಕೂತಿದ್ದಾಳೆ! ಕಟ್ಟಿಕೊಂಡ ಗಂಡ ನೀನೇ ಆ ಮಾತು ಆಡ್ತೀಯಾ?"

"ಅಮ್ಮಾ, ಅವಳ ಕೈ..."

"ಇವತ್ತೊಂದು ದಿನ ಬೇಡೀಂದ್ರೆ" ಎಂದಳು ಅಕ್ಕ. ಗಂಡನಿಗೆ ಅವಳು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಿಮ್ಮ ಕೈಯಿಂದ ಇವತ್ತು ಬೇಡ. ನಾಳೆ ಊತ ಇಳಿದ್ರೆ ತಾನಾಗೇ ಬರುತ್ತೆ." ಆಮೇಲೆ ಕೈಯನ್ನು ಕಿವಿಗಿಟ್ಟು ಕೇಳಿ ನನ್ನ ಕಡೆ ನಕ್ಕಳು. "ಓಡ್ತಾ ಇದೆ ಕಣೋ ನಿಮ್ಮೂರ ಗಿರಣಿ."

ಆ ರಾತ್ರಿ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಗಣೇಶನ ಹಬ್ಬ. ನಾನು ಎದ್ದು ಬರುವಷ್ಟರಲ್ಲಿ ಅಕ್ಕ ನಡುಮನೆಯಲ್ಲಿ ಕೂತು ಕೈಯನ್ನು ಒಂದು ಕಿವಿಗಿಟ್ಟು ತೆಗೆದು, ಇನ್ನೊಂದು ಕಿವಿಗಿಟ್ಟು ತೆಗೆದು ಮಾಡುತ್ತಿದ್ದಳು. ಭಾವ ಬಗ್ಗಿ ಕೇಳಿದರು. ನನ್ನ ಸರದಿ ಬಂತು. ನಾನೂ ಕೇಳಿದೆ. ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ ಮಾತ್ರ ಕೇಳಿತು.

ಭಾವ ಒಳಗೆ ಹೋಗಿ ಅಡಕತ್ತರಿ ತಂದರು. ಬಳೆಯ ಕೆಳಗೆ ಬಟ್ಟೆ ತೂರಿಸಿ ಒಂದೊಂದನ್ನೇ ಹಿಡಿದು ಒತ್ತಿದರು. ಆರು ಬಳೆಗೆ ಆರು ಸದ್ದು. ಅತ್ತೆ ದೇವರ ಮನೆಯೊಳಗಿದ್ದರು, ಹೊರಗೆ ಬರಲಿಲ್ಲ. ಚೂರುಗಳನ್ನು ನಾನು ಆರಿಸಿದೆ. ಮತ್ತೆ ಕಿವಿಯಿಟ್ಟೆವು.

ರೈಲಿನಲ್ಲಿ ಹಬ್ಬಕ್ಕೆ ಹೊರಟವರು ತುಂಬಿದ್ದರು. ಹಬ್ಬವೆಂದು ಮನೆಯಲ್ಲಿದ್ದ ಸರ್ಜನ್ನರು ವಿಷಯ ಕೇಳಿದ ಕೂಡಲೇ ಆಸ್ಪತ್ರೆಗೆ ಬಂದರು. ಮಣಿಕಟ್ಟನ್ನು ಮುಟ್ಟಿ ನೋಡಿ, "ಏನಾಯ್ತಮ್ಮಾ? ಏನು ಮಾಡಿದ್ರಿ?" ಎಂದರು.

ಆರು ಬಳೆಯ ಆರು ಗೆರೆ ಚರ್ಮದ ಮೇಲೆ ಸ್ಪಷ್ಟವಾಗಿ ಮೂಡಿತ್ತು. ನಾನು ಬಾಯಿ ತೆರೆದೆ.

"ನಿದ್ದೇಲಿ ಕೈ ಮೇಲೆ ಮಲಗಿಬಿಟ್ಟೆ ಡಾಕ್ಟ್ರೇ" ಎಂದಳು ಅಕ್ಕ.

"ಎಷ್ಟು ಸಲ ಹೇಳಿದ್ದೆ ನಿಮಗೆ? ಸಣ್ಣ ಮಗೂನಾ ನೀವು?" ಎಂದು ಅವರು ಗದರಿದರು. ಅಕ್ಕ ತಲೆ ತಗ್ಗಿಸಿ ಗದರಿಸಿಕೊಂಡಳು. ನಾನು ತೆರೆದ ಬಾಯನ್ನು ಮುಚ್ಚಿದೆ. ಸರ್ಜನ್ನರು ಆ ಗೆರೆಗಳನ್ನು ಮತ್ತೊಮ್ಮೆ ನೋಡಿದರು. ಅವರಿಗೆ ನಕ್ಷೆ ಓದಲು ಬರುತ್ತಿತ್ತೆಂದು ನನ್ನ ಅನುಮಾನ. ಆಮೇಲೆ ಕೈ ತೊಳೆಯಲು ಹೋದರು.

ಅವತ್ತೇ ಕೊಯ್ದು ಹೆಪ್ಪು ತೆಗೆದರು. ಒಂದು ಗಂಟೆ ಓಡಿತು, ನಿಂತಿತು. ಮುಂದಿನ ವಾರ ತೊಡೆಯಿಂದ ಒಂದು ನಾಳ ಕಿತ್ತು ತೋಳಿಗೆ ಹಾಕಿ ನೋಡಿದರು. ಅದು ನಾಲ್ಕು ದಿನ. ಮತ್ತೆ ತೊಡೆಯ ಸಂದಿಯ ಸೂಜಿ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಚುಚ್ಚಿ ಚುಚ್ಚಿ ಅಲ್ಲಿಯೂ ಜಾಗ ಉಳಿಯಲಿಲ್ಲ, ಜ್ವರ ಬಂತು. ಕೊನೆಗೆ ಹೊಟ್ಟೆಗೆ ನಳಿಕೆ ಹಾಕಿ ಬಾಟಲಿಗಟ್ಟಲೆ ನೀರು ತುಂಬಿಸಿ ಇಳಿಸುವ ಉಪಾಯ ಮಾಡಿದರು. ಅದೂ ಕೀವಾಯಿತು. ಹೀಗೆ ಮನುಷ್ಯನ ದೇಹದಲ್ಲಿ ಎಷ್ಟು ಕಡೆಯಿಂದ ಒಳಗೆ ಹೋಗಬಹುದು ಎಂಬುದನ್ನು ನಾನು ಆ ನಾಲ್ಕು ತಿಂಗಳಲ್ಲಿ ಕ್ರಮವಾಗಿ ಕಲಿತೆ. ಯಾವ ಕಲಿಕೆಯಿಂದಲೂ ನನಗೆ ಅಷ್ಟು ಕಡಮೆ ಉಪಯೋಗವಾಗಿಲ್ಲ.

ಹೊಟ್ಟೆಯ ನಳಿಕೆ ತೆಗೆದ ದಿನ ಸರ್ಜನ್ನರು ನನ್ನನ್ನು ಹೊರಗೆ ಕರೆದು, "ಇನ್ನು ಜಾಗ ಇಲ್ಲ. ಮನೇಗೆ ಕರ್ಕೊಂಡ್ಹೋಗಿ" ಎಂದರು. ಆಗಲಾದರೂ ಹೇಳಿಬಿಡಬೇಕೆಂದುಕೊಂಡೆ. ಬಾಯಿಗೆ ಬಂದದ್ದು "ಆಗಲಿ ಸಾರ್" ಎಂಬ ಮಾತು.

ನಂಜನಗೂಡಿಗೆ ಬರುವ ರೈಲಿನಲ್ಲಿ ಅಕ್ಕ ಕಿಟಕಿಗೆ ಒರಗಿ ಕೂತಿದ್ದಳು. ಭಾವ ಎದುರು ಸಾಲಿನಲ್ಲಿ ನಿದ್ದೆ ಹೋಗಿದ್ದರು. ನಾನು ಕೇಳಿಯೇ ಬಿಟ್ಟೆ. "ಅವತ್ತು ಯಾಕಕ್ಕ ಸುಳ್ಳು ಹೇಳಿದೆ?"

ಯಾವತ್ತು ಎಂದು ಅವಳು ಕೇಳಲಿಲ್ಲ. "ಬಳೆ ಅಂದಿದ್ರೆ ಯಾರು ತಂದ್ರು ಅಂತ ಕೇಳೋರು" ಎಂದಳು. "ತವರಿನ ಮಾತು ಆಸ್ಪತ್ರೇಲಿ ಯಾಕೋ?"

ಸೆರಗನ್ನು ಎಡಗೈಯ ಮೇಲೆ ಎಳೆದುಕೊಂಡು, "ಚೆನ್ನಾಗಿದ್ವು ಕಣೋ. ಎರಡು ಕೈಗೂ ಹಾಕ್ಕೊಂಡು ಎಷ್ಟು ದಿನ ಆಗಿತ್ತು" ಎಂದಳು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಅಕ್ಕ ಹೋದಳು. ಬೆಳಗಿನ ಹೊತ್ತು, ಎಲ್ಲರೂ ಎದುರಿಗಿದ್ದೆವು. ಬೀದಿಯ ಹೆಂಗಸರು ಬಂದು ನೆರೆದರು. ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಹತ್ತಿರ ಬಂದು, "ಮುತ್ತೈದೆ ಸಾವಪ್ಪಾ. ತವರಿನ ಸೀರೆ, ತವರಿನ ಬಳೆ ಆಗ್ಬೇಕು. ನೀನೇ ತರಬೇಕು" ಎಂದರು.

ಅಳತೆಯ ಬಳೆ ನರಸೀಪುರದಲ್ಲಿತ್ತು. ನಾನು ಒಂದು ದಾರ ತೆಗೆದುಕೊಂಡು ಅಕ್ಕನ ಬಲಗೈಯ ಗೆಣ್ಣಿಗೆ ಸುತ್ತಿ ಗಂಟು ಹಾಕಿದೆ. ಆಮೇಲೆ ಎಡಗೈಯದನ್ನೂ ಬೇರೆಯಾಗಿ ಅಳೆದು ಇನ್ನೊಂದು ಗಂಟು ಹಾಕಿದೆ. ಅಂಗಡಿಬೀದಿಯಲ್ಲಿ ಆಗತಾನೇ ಬಾಗಿಲು ತೆಗೆದಿದ್ದ ಬಳೆಯವನು ದಾರ ಹಿಡಿದು ನೋಡಿ, "ಇದ್ಯಾವ ಮಗೀನ ಕೈ ಸಾ? ಇಷ್ಟು ಸಣ್ಣಕೈತಲ್ಲ" ಎಂದ. ನಾನು ಬೆಲೆ ಕೇಳಿ ಕೊಟ್ಟು ಬಂದೆ.

ಹೆಂಗಸರು ಅಕ್ಕನಿಗೆ ಹಿಂದೆ ತವರಿನಿಂದ ಬಂದಿದ್ದ ಸೀರೆಯೊಂದನ್ನು ಸುತ್ತಿ, ಹಣೆಗೆ ದೊಡ್ಡದಾಗಿ ಕುಂಕುಮವಿಟ್ಟಿದ್ದರು. ಬಲಗೈಗೆ ಬಳೆ ತೊಡಿಸಿದರು. ಸೋಪು ಬೇಕಾಗಲಿಲ್ಲ. ಆಮೇಲೆ ಆ ವಯಸ್ಸಾದವರು ಎಡಗೈ ಎತ್ತಿಕೊಂಡರು.

"ಎಡಗೈಗೆ ಬೇಡ" ಎಂದೆ.

ಎಲ್ಲರೂ ತಿರುಗಿ ನೋಡಿದರು. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಭಾವ ಮಾತ್ರ ತಿರುಗಲಿಲ್ಲ. ಅವರ ತಲೆಯ ಮೇಲೆ ಆ ಕಾಗದ ಇನ್ನೂ ಅಂಟಿಕೊಂಡೇ ಇತ್ತು.

ಅತ್ತೆ ಬಂದು ನನ್ನ ಕೈಯಿಂದ ಉಳಿದ ಬಳೆಗಳನ್ನು ತೆಗೆದುಕೊಂಡರು. ಅಕ್ಕನ ಎಡಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹೊಲಿಗೆಯ ಗುರುತಿಗೆ ತಾಗದ ಹಾಗೆ, ಬಹಳ ಎಚ್ಚರಿಕೆಯಿಂದ, ಒಂದೊಂದಾಗಿ ತೊಡಿಸಿದರು.